ಕೋಳಿಬಲೆಯ ಆಂಟೆನಾ ಮತ್ತು ಶಾಲೆಯ ಅಂಗಳ

ತರಗತಿಯ ಗೋಡೆಗೊಂದು ಸ್ಮಾರ್ಟ್ ಬೋರ್ಡ್ ಬಿಗಿದರೆ ಊರೇ ಬದಲಾಗುತ್ತದೆ ಎಂದು ನಂಬಿದವರಿಗೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿದ ‘ಸೈಟ್’ ಪ್ರಯೋಗದ ಕಥೆ ಹೇಳಬೇಕೆನಿಸುತ್ತದೆ. 1975ರ ಆಗಸ್ಟ್ 1ರಿಂದ ಒಂದು ವರ್ಷದ ಮಟ್ಟಿಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸಿತು. ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕನಸು ವಿಕ್ರಮ್ ಸಾರಾಭಾಯಿ ಅವರದು. ಅದು ನನಸಾಗುವ ಮುನ್ನ, 1971ರಲ್ಲೇ ಅವರು ತೀರಿಕೊಂಡರು.

ಇಡೀ ಏರ್ಪಾಟಿನಲ್ಲಿ ನನಗೆ ಅತಿ ಸೊಗಸಾಗಿ ಕಾಣುವುದು ಹಳ್ಳಿಯ ಆಂಟೆನಾ. ಸುಮಾರು 3 ಮೀಟರ್ ಅಗಲದ ಆ ತಟ್ಟೆಗೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವ ತಂತಿಬಲೆ! 36,000 ಕಿಲೋಮೀಟರ್ ಎತ್ತರದಿಂದ ಬಂದ ಕ್ಷೀಣ ಸಂಕೇತ ಅಷ್ಟೊಂದು ತೂತುಗಳಲ್ಲಿ ಸೋರಿಹೋಗುವುದಿಲ್ಲವೆ? ಇಲ್ಲ. ಪ್ರಸಾರದ ಆವರ್ತನ 860 ಮೆಗಾಹರ್ಟ್ಸ್, ಅಂದರೆ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಬಲೆಯ ಕಣ್ಣು ಅದರ ಮುಂದೆ ತೀರಾ ಚಿಕ್ಕದು. ತರಂಗ ತಾಗಿದಾಗ ತಂತಿಯೊಳಗಿನ ಎಲೆಕ್ಟ್ರಾನುಗಳು ಅದೇ ಲಯದಲ್ಲಿ ಓಲಾಡಿ, ತರಂಗವನ್ನು ಬಂದ ಕಡೆಗೇ ಮರಳಿ ಹೊಮ್ಮಿಸುತ್ತವೆ. ಕಣ್ಣಿನೊಳಗೆ ನುಗ್ಗಿದ ಅಲ್ಪಸ್ವಲ್ಪವೂ ಬಹುಪಾಲು ಅಲ್ಲೇ ನಂದಿಹೋಗುತ್ತದೆ. ಸಾಣಿಗೆಯಲ್ಲಿ ಹಿಟ್ಟು ಇಳಿದು ತೌಡು ಉಳಿಯುವ ಹಾಗೆ, ಗಾಳಿ ಬೆಳಕು ದಾಟಿಹೋದವು, ರೇಡಿಯೋ ತರಂಗ ಉಳಿಯಿತು. ಗಾಳಿ ದಾಟಿದ್ದೇನು ಸಣ್ಣ ಲಾಭವಲ್ಲ. ಬಯಲುಸೀಮೆಯ ಬಿರುಗಾಳಿಗೆ ಎದೆಯೊಡ್ಡುವ ದಪ್ಪ ಕಂಬ, ಭಾರದ ಬುನಾದಿ ಬೇಕಾಗಲಿಲ್ಲ. ಇಷ್ಟು ಅಗ್ಗದ ಆಂಟೆನಾ ಸಾಕಾದದ್ದು ಮೇಲಿನ ಉಪಗ್ರಹದಲ್ಲಿ 9 ಮೀಟರ್ ಅಗಲದ, ಕೊಡೆಯಂತೆ ಬಿಚ್ಚಿಕೊಳ್ಳುವ ಆಂಟೆನಾ ಇದ್ದುದರಿಂದ. ಖರ್ಚೆಲ್ಲ ಆಕಾಶಕ್ಕೆ, ಉಳಿತಾಯವೆಲ್ಲ ಹಳ್ಳಿಗೆ.

ಆದರೆ ಅಷ್ಟೇ ಮುಖ್ಯವಾದ ನಿರ್ಧಾರ ಭೌತಶಾಸ್ತ್ರದ್ದಲ್ಲ. ಟಿವಿ ಪೆಟ್ಟಿಗೆಯನ್ನು ಗೌಡರ ಪಡಸಾಲೆಯಲ್ಲಿ ಇಡಲಿಲ್ಲ. ಶಾಲೆಯಂಥ ಸಾರ್ವಜನಿಕ ಜಾಗದಲ್ಲಿಟ್ಟರು. ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ. ಬೆಳಿಗ್ಗೆ ಮಕ್ಕಳಿಗೆ ಪಾಠ. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಜೋಡಿಸಿ ಕಳಿಸುವ ಅನುಕೂಲವೂ ಇತ್ತು. ದಿನಕ್ಕೆ ಮಕ್ಕಳ ಪಾಲು ಇಪ್ಪತ್ತೆರಡೂವರೆ ನಿಮಿಷ ಮಾತ್ರ. ಅಹಮದಾಬಾದಿನ ಇಸ್ರೋ ಕೇಂದ್ರವನ್ನು ನಡೆಸುತ್ತಿದ್ದ ಭೌತವಿಜ್ಞಾನಿ ಯಶ್ ಪಾಲ್ ಅವರಿಗೆ ಮಕ್ಕಳು ಉತ್ತರ ಉರುಹೊಡೆಯುವುದು ಬೇಕಿರಲಿಲ್ಲ, ಸುತ್ತಲಿನದನ್ನು ನೋಡಿ ‘ಯಾಕೆ?’ ಎಂದು ಕೇಳುವುದು ಬೇಕಿತ್ತು. ಜೊತೆಗೆ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೂ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ಇಂದಿನ ಯೋಜನೆಗಳು ಮರೆಯುವುದು ಈ ಕೊನೆಯ ಭಾಗವನ್ನೇ. ಪರದೆ ಬರುತ್ತದೆ, ಮೇಷ್ಟ್ರನ್ನು ಯಾರೂ ಕೇಳುವುದಿಲ್ಲ.

1976ರ ಜುಲೈ ಮುಗಿಯುತ್ತಲೇ ಉಪಗ್ರಹ ವಾಪಸಾಯಿತು. ಮರುವರ್ಷ ಗುಲ್ಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರವೇನೋ ಬಂತು. ಆದರೆ ಒಂದು ವರ್ಷದ ಬಿತ್ತನೆಗೆ ದಶಕಗಳ ಫಸಲು ಕೇಳುವುದು ಅನ್ಯಾಯ. ಅದೇ ಕಲಬುರಗಿಯ ಬಳಿ 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿಗೆ, ಅಂಗವೈಕಲ್ಯ ವಾಸಿಯಾಗುತ್ತದೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಚಿತ್ರ ಕಂಡಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಅಷ್ಟೊತ್ತಿಗೆ ಮನೆಮನೆಗೂ ಟಿವಿ ಬಂದಿತ್ತು, ಅದರಲ್ಲಿ ಬೆಳಗಿನಿಂದ ಗ್ರಹಣದೋಷದ ಪರಿಹಾರ ಹೇಳುವವರೂ ಕೂತಿದ್ದರು. ಪೆಟ್ಟಿಗೆಗೆ ತನ್ನದೇ ಬುದ್ಧಿ ಇಲ್ಲ, ಅದನ್ನು ಯಾರ ಕೈಗೆ ಕೊಟ್ಟೆವೋ ಅವರ ಬುದ್ಧಿಯನ್ನೇ ಹಂಚುತ್ತದೆ.

2027ರ ಆಗಸ್ಟ್ 2ರಂದು ಮತ್ತೊಂದು ಗ್ರಹಣವಿದೆ. ನಮಗೆ ಪಾರ್ಶ್ವ, ಈಜಿಪ್ಟಿನ ಲಕ್ಸರ್‌ಗೆ ಪೂರ್ಣ. ಅಂದು ಸೋಮವಾರ, ಗ್ರಹಣ ನಡೆಯುವುದು ಮಧ್ಯಾಹ್ನ ಇಳಿದ ಮೇಲೆ. ದಯವಿಟ್ಟು ಶಾಲೆಗೆ ರಜೆ ಕೊಡಬೇಡಿ. ಸ್ಮಾರ್ಟ್ ಬೋರ್ಡಿನಲ್ಲಿ ಲಕ್ಸರ್‌ನ ನೇರಪ್ರಸಾರ ಹಾಕಿ. ಅಂಗಳದಲ್ಲಿ ಮಕ್ಕಳು ಸೂರ್ಯನಿಗೆ ಬೆನ್ನು ಹಾಕಿ ನಿಂತು, ರಟ್ಟಿಗೊಂದು ಸೂಜಿತೂತು ಕೊರೆದು, 1 ಮೀಟರ್ ದೂರದ ಬಿಳಿ ಹಾಳೆಯ ಮೇಲೆ ಬಿಂಬ ಹಿಡಿಯಲಿ. ಸೂರ್ಯ ಅಲ್ಲಿ ಸುಮಾರು 9 ಮಿಲಿಮೀಟರ್ ಅಗಲ ಬೀಳುತ್ತಾನೆ. ಚಂದ್ರ ಎಷ್ಟು ಕಚ್ಚಿದ ಎಂದು ಅಡಿಪಟ್ಟಿಯಲ್ಲಿ ಅಳೆಯಲು ಅಷ್ಟು ಸಾಕು.