ಯಾವ ಮಂಜುನಾಥ?

ಪ್ರಶ್ನೆ: ನನ್ನ ಹೆಸರು ಮಂಜುನಾಥ. ಎಲ್ಲಿ ಅಕೌಂಟ್ ತೆರೆಯಲು ಹೋದರೂ ಈ ಹೆಸರು ಆಗಲೇ ಬೇರೆಯವರ ಪಾಲಾಗಿದೆ ಅಂತ ಬರುತ್ತದೆ. ಉಳಿದವರ ಯೂಸರ್‌ನೇಮ್ ನೋಡಿದರೆ ಒಂದಕ್ಕಿಂತ ಒಂದು ವಿಚಿತ್ರ. ಜನ ಈ ಹೆಸರುಗಳನ್ನು ಎಲ್ಲಿಂದ ತರುತ್ತಾರೆ? ಹಿಂದೆ ಏನಾದರೂ ಕಥೆ ಇರುತ್ತದೆಯೋ, ಇಲ್ಲ ಬಾಯಿಗೆ ಬಂದದ್ದನ್ನು ಬರೆದುಬಿಡುತ್ತಾರೋ?

ಉತ್ತರ: ಮಂಜುನಾಥರೇ, ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ. ನನ್ನ ಇಮೇಲ್ ವಿಳಾಸದಲ್ಲಿ ಹೆಸರಿನ ಬಾಲಕ್ಕೆ ಒಂದು 4 ಅಂಟಿಕೊಂಡಿದೆ. ಸಂಖ್ಯಾಶಾಸ್ತ್ರದ ಹುಚ್ಚಿರುವ ನಮ್ಮ ಸೋದರಮಾವ ಅದನ್ನು ನೋಡಿದಾಗಲೆಲ್ಲ ‘ನಾಲ್ಕು ರಾಹುವಿನ ಸಂಖ್ಯೆ ಕಣೋ, ತೆಗೆಸೋ ಅದನ್ನ’ ಅನ್ನುತ್ತಾರೆ. ರಾಹುವಿಗೂ ಅದಕ್ಕೂ ಸಂಬಂಧವಿಲ್ಲ. 2003ರಲ್ಲಿ ಕೆಲಸಕ್ಕೆ ಅರ್ಜಿ ಹಾಕಲು ಇಮೇಲ್ ಬೇಕು ಅಂತ ಬಸ್‌ಸ್ಟ್ಯಾಂಡ್ ಪಕ್ಕದ ಸೈಬರ್ ಕೆಫೆಗೆ ಹೋಗಿದ್ದೆ. ನನ್ನ ಹೆಸರು ಖಾಲಿ ಇರಲಿಲ್ಲ. ಗಂಟೆಯ ಲೆಕ್ಕದಲ್ಲಿ ದುಡ್ಡು ಓಡುತ್ತಿತ್ತು. ಕೆಫೆಯ ಹುಡುಗ ಬಂದು, ನಾನು ಕೂತಿದ್ದ ಕ್ಯಾಬಿನ್ನಿನ ನಂಬರನ್ನೇ ಹೆಸರಿನ ಕೊನೆಗೆ ಒತ್ತಿ ‘ಆಯ್ತು ಸಾರ್’ ಅಂದ. ಆ ಕೆಫೆ ಮುಚ್ಚಿ ಅಲ್ಲಿ ಈಗ ಚಿಕನ್ ಅಂಗಡಿ ಬಂದಿದೆ. ನಾಲ್ಕನೇ ಕ್ಯಾಬಿನ್ ಮಾತ್ರ ಇನ್ನೂ ನನ್ನ ಜೊತೆಗಿದೆ.

ಹೀಗೆ, ಕಥೆ ಇದ್ದೇ ಇರುತ್ತದೆ. ಆದರೆ ಬಹಳ ಸಲ ಅದು ಬೇಕಾದ ಹೆಸರು ಸಿಗದೆ ಹೋದ ಕಥೆ.

ಯಾಕೆ ಸಿಗುವುದಿಲ್ಲ ಅನ್ನುವುದು ಸರಳ. ದರ್ಶಿನಿಯಲ್ಲಿ ಟೋಕನ್ ಕೊಡುತ್ತಾರಲ್ಲ, ಕಂಪ್ಯೂಟರಿಗೆ ಯೂಸರ್‌ನೇಮ್ ಅಂದರೆ ಅಷ್ಟೇ. ಒಂದೇ ನಂಬರಿನ ಟೋಕನ್ ಇಬ್ಬರ ಕೈಯಲ್ಲಿದ್ದರೆ ಮಸಾಲೆ ದೋಸೆ ಯಾರಿಗೆ ಕೊಡುವುದು? ಅದಕ್ಕೇ ಮೊದಲು ಬಂದವನಿಗೆ ಹೆಸರು, ಆಮೇಲೆ ಬಂದವನಿಗೆ ಬಾಲ.

ಈ ತೊಡಕನ್ನು ನಮ್ಮ ಊರುಗಳು ಕಂಪ್ಯೂಟರು ಬರುವ ಎಷ್ಟೋ ಮೊದಲೇ ಬಿಡಿಸಿಕೊಂಡಿದ್ದವು. ಒಂದು ಊರಿನಲ್ಲಿ ಐದು ಜನ ಮಂಜುನಾಥರಿದ್ದರೆ ಒಬ್ಬ ಡೈರಿ ಮಂಜ, ಒಬ್ಬ ಕೆರೆಕೋಡಿ ಮಂಜ, ಒಬ್ಬ ಉದ್ದ ಮಂಜ, ಒಬ್ಬ ಕಂಡಕ್ಟರ್ ಮಂಜಣ್ಣ. ಐದನೆಯವನು ಏನೂ ವಿಶೇಷವಿಲ್ಲದೆ ಬರೀ ಮಂಜ. ಉತ್ತರ ಕನ್ನಡದ ಕಡೆ ಹೋದರೆ ಊರಿನ ಹೆಸರೋ ಮನೆಯ ಹೆಸರೋ ಮನುಷ್ಯನ ಹೆಸರನ್ನೇ ನುಂಗಿರುತ್ತದೆ. ಯಕ್ಷಗಾನದ ರಾಮಚಂದ್ರ ಹೆಗಡೆಯವರನ್ನು ಜನ ಕರೆದದ್ದು ಚಿಟ್ಟಾಣಿ ಅಂತ. ಅದು ಅವರ ಊರು. ಹಾಗೆಯೇ ಧಾರವಾಡದ ಕಡೆಯ ಸಂಗೀತಗಾರರಲ್ಲಿ ಮನ್ಸೂರ, ಹಾನಗಲ್ಲ. ಮಲ್ಲಿಕಾರ್ಜುನ, ಗಂಗೂಬಾಯಿ ಅನ್ನುವ ಹೆಸರಿನವರು ಸಾವಿರ ಜನ ಇದ್ದಾರು, ಊರು ಸೇರಿಸಿದರೆ ಒಬ್ಬೊಬ್ಬರೇ. ಒಂದು ವ್ಯತ್ಯಾಸ ಮಾತ್ರ ಇದೆ. ಅಡ್ಡಹೆಸರನ್ನು ಊರವರು ಇಡುತ್ತಾರೆ, ಬೇಡ ಅಂದರೂ ಬಿಡುವುದಿಲ್ಲ. ಯೂಸರ್‌ನೇಮನ್ನು ನಮಗೆ ನಾವೇ ಇಟ್ಟುಕೊಳ್ಳಬೇಕು, ಅದೂ ಒಂದು ಫಾರ್ಮಿನ ಎದುರು ಕೂತು, ಹತ್ತು ಸೆಕೆಂಡಿನಲ್ಲಿ. ಯೋಚನೆ ಮಾಡದೆ ಇಟ್ಟದ್ದಕ್ಕೇ ಬಹುಶಃ ಅದರಲ್ಲಿ ಮನುಷ್ಯ ಸರಿಯಾಗಿ ಸಿಕ್ಕಿಬೀಳುತ್ತಾನೆ.

ಇನ್ನು ಅಕ್ಷರದ ಮಿತಿ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಅನ್ನುವ, ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಬೆಳೆದಾಗ ಅದನ್ನು ಕಟ್ಟಿದವರ ಲಾಗಿನ್ ಹೆಸರುಗಳು ಬಲು ಚಿಕ್ಕವು. ಕೆನ್ ಥಾಂಪ್ಸನ್ ಬರೀ ‘ಕೆನ್’. ಡೆನಿಸ್ ರಿಚಿ ‘ಡಿಎಂಆರ್’, ಬ್ರಯಾನ್ ಕರ್ನಿಹಾನ್ ‘ಬಿಡಬ್ಲ್ಯೂಕೆ’. ಎರಡೂ ಅವರವರ ಇನಿಷಿಯಲ್ಲುಗಳು. ಯುನಿಕ್ಸ್‌ನಲ್ಲಿ ಬಹಳ ಕಾಲ ಎಂಟು ಅಕ್ಷರಕ್ಕಿಂತ ಉದ್ದದ ಹೆಸರಿಗೆ ಜಾಗವಿರಲಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದದ್ದು, ಪುರೋಹಿತ ತಿರುನಾರಾಯಣ ನರಸಿಂಹಾಚಾರ್ ಪುತಿನ ಆದದ್ದು ಯಾವ ಯಂತ್ರದ ಒತ್ತಾಯದಿಂದಲೂ ಅಲ್ಲ. ಆದರೂ ಡಿಎಂಆರ್ ಪಕ್ಕದಲ್ಲಿ ಪುತಿನ ಅಂತ ಬರೆದು ನೋಡಿ, ಒಂದೇ ಕಚೇರಿಯ ಹಾಜರಿ ಪುಸ್ತಕದ ಹಾಗೆ ಕಾಣುತ್ತದೆ.

1988ರಲ್ಲಿ ಫಿನ್ಲೆಂಡಿನ ಯಾರ್ಕೊ ಓಯ್ಕರಿನೆನ್ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆ ಮಾಡಿದರು. ಅವರದೇ ಅಡ್ಡಹೆಸರು ‘ವಿಜ್’. ಅಲ್ಲಿ ಇಂಥ ಹೆಸರಿಗೆ ‘ನಿಕ್’ ಅನ್ನುತ್ತಾರೆ, ನಿಕ್‌ನೇಮ್ ಅನ್ನುವುದರ ಚುಟುಕು. ಅದರ ನಿಯಮದಲ್ಲಿ ಒಂದು ತಮಾಷೆ ಇದೆ: ನಿಕ್ಕಿನಲ್ಲಿ ಚೌಕ ಕಂಸವನ್ನೂ ಪುಷ್ಪ ಕಂಸವನ್ನೂ ಒಂದೇ ಅಂತ ಎಣಿಸಬೇಕು, ಒಂದು ದೊಡ್ಡಕ್ಷರ, ಇನ್ನೊಂದು ಅದರ ಸಣ್ಣಕ್ಷರ. ಯಾಕೆಂದರೆ ಆ ಕಾಲದ ಫಿನ್ನಿಶ್, ಸ್ವೀಡಿಶ್ ಕಂಪ್ಯೂಟರುಗಳ ಅಕ್ಷರಪಟ್ಟಿಯಲ್ಲಿ ಆ ಸ್ಥಾನದಲ್ಲಿ ಅವರ ಭಾಷೆಯ ವಿಶೇಷ ಸ್ವರಗಳು ಕೂತಿದ್ದವು. ಜಗತ್ತಿನ ಯಾವ ಮೂಲೆಯಲ್ಲಿ ಐಆರ್‌ಸಿಗೆ ಹೋದರೂ ಹೆಸರಿನ ಒಳಗೆ ಫಿನ್ಲೆಂಡು ಬಚ್ಚಿಟ್ಟುಕೊಂಡಿರುತ್ತಿತ್ತು.

ಇದಕ್ಕೆ ಪೂರ್ತಿ ಉಲ್ಟಾ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರ ಲೋಕ. ಅಲ್ಲಿ ಹೆಸರನ್ನು ಸರಕಾರವೇ ಕೊಡುತ್ತದೆ. ಭಾರತದವರ ಕರೆಸಂಕೇತ ಸಾಮಾನ್ಯವಾಗಿ ‘ವಿಯು’ ಅಂತ ಶುರುವಾಗುತ್ತದೆ. ಹ್ಯಾಮ್ ಆಗಿದ್ದ ರಾಜೀವ್ ಗಾಂಧಿಯವರದು ವಿಯು2ಆರ್‌ಜಿ. ದೇಶ ಮೊದಲು, ಇನಿಷಿಯಲ್ ಆಮೇಲೆ.

ನೀವು ಕೇಳಿದ್ದು ಜನ ಹೆಸರು ಎಲ್ಲಿಂದ ತರುತ್ತಾರೆ ಅಂತ. ಕನ್ನಡದವರ ಯೂಸರ್‌ನೇಮ್‌ಗಳನ್ನು ಬಿಡಿಸಿ ನೋಡುವುದು ನನಗೊಂದು ಚಟ. ನೋಡುತ್ತಾ ಹೋದರೆ ಸುಳಿವುಗಳು ಬಹುಪಾಲು ಅಂಕಿಯಲ್ಲೇ ಸಿಗುತ್ತವೆ. ಕೊನೆಗೆ ಎರಡಂಕಿ ಇದ್ದರೆ ಹುಟ್ಟಿದ ವರ್ಷವಿರಬಹುದು, ಗಾಡಿಯ ನಂಬರಿರಬಹುದು. 11 ಅಂದರೆ ಮಂಡ್ಯ, 09 ಮೈಸೂರು, 14 ಶಿವಮೊಗ್ಗ, 19 ಮಂಗಳೂರು, 22 ಬೆಳಗಾವಿ, 25 ಧಾರವಾಡ, 28 ವಿಜಯಪುರ. ಪಿಜಿಯಲ್ಲಿದ್ದುಕೊಂಡು ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗ ಊರಿನ ಆರ್‌ಟಿಒ ನಂಬರನ್ನು ಹೆಸರಿಗೆ ಕಟ್ಟಿಕೊಂಡು ಓಡಾಡುತ್ತಾನೆ. 18 ಇದ್ದರೆ ಕೊಹ್ಲಿ. ಆ 18ರವರು ‘ಈ ಸಲ ಕಪ್ ನಮ್ದೇ’ ಅನ್ನುವುದನ್ನೂ ಹೆಸರು ಮಾಡಿಕೊಂಡು ವರ್ಷಗಟ್ಟಲೆ ನಗೆಪಾಟಲಾಗಿದ್ದರು. 2025ರ ಜೂನ್ 3ರ ರಾತ್ರಿ ಕಪ್ ಬಂತು, ಹೆಸರು ಗೆದ್ದಿತು. 143 ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಅದನ್ನಿಟ್ಟುಕೊಂಡವರು ಈಗ ಮಕ್ಕಳ ಸ್ಕೂಲ್ ಅಡ್ಮಿಷನ್‌ಗೆ ಅದೇ ಇಮೇಲ್ ಕೊಡಬೇಕಾಗಿ ಬಂದು ನಾಚುತ್ತಿದ್ದಾರೆ. 420 ನಮ್ಮಲ್ಲಿ ಮೋಸಗಾರ. ಆ ಅರ್ಥ ಕೊಟ್ಟ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದು ವಂಚನೆ 318ನೇ ಕಲಮಾಗಿದೆ. ಆದರೂ ‘ತ್ರೀ ಏಯ್ಟೀನ್’ ಅಂತ ಯಾರೂ ಬೈಯುತ್ತಿಲ್ಲ. ಅಮೆರಿಕದಲ್ಲಿ ಅದೇ 420 ಗಾಂಜಾದ ಗುಟ್ಟಿನ ಸಂಖ್ಯೆ. ತಮಾಷೆಗೆ ಅದನ್ನಿಟ್ಟುಕೊಂಡ ನಮ್ಮ ಹುಡುಗರು ಅಲ್ಲಿ ಕೆಲಸ ಹುಡುಕುವಾಗ ಜೋಪಾನ.

ಅಕ್ಷರದಲ್ಲೂ ಸುಳಿವಿದೆ. ತಕಾರವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಾವು ಒಂದು ‘ಎಚ್’ ಸೇರಿಸುತ್ತೇವೆ, ಉತ್ತರ ಭಾರತದವರು ಸೇರಿಸುವುದಿಲ್ಲ. ಗೀತಾ, ಲತಾ, ಸುನೀತಾ ಇವರಲ್ಲಿ ಎಚ್ ಇದ್ದವರು ಹೆಚ್ಚಾಗಿ ದಕ್ಷಿಣದವರು. ಹೆಸರು ಬೇರೆಯವರ ಪಾಲಾಗಿದ್ದರೆ ಈ ಎಚ್ ಸೇರಿಸಿಯೋ ತೆಗೆದೋ ದಾರಿ ಮಾಡಿಕೊಂಡವರೂ ಇದ್ದಾರೆ. ಹುಬ್ಬಳ್ಳಿ, ಧಾರವಾಡದ ಕಡೆಯವರ ಅದೃಷ್ಟವೇ ಬೇರೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಅಂತೆಲ್ಲ ಮನೆತನದ ಹೆಸರಿದ್ದರೆ ಯೂಸರ್‌ನೇಮಿಗೆ ಪೈಪೋಟಿಯೇ ಕಡಿಮೆ. ಹಳೆ ಮೈಸೂರಿನವರಿಗೆ ಸರ್‌ನೇಮೇ ಇಲ್ಲ. ‘ಲಾಸ್ಟ್ ನೇಮ್’ ಅನ್ನುವ ಖಾನೆಯ ಎದುರು ತಲೆ ಕೆರೆದುಕೊಂಡು, ಅಪ್ಪನ ಹೆಸರು ಹಾಕುವುದೋ, ಊರು ಹಾಕುವುದೋ, ಒಂದೇ ಒಂದು ಇನಿಷಿಯಲ್ ಒತ್ತಿ ಮುಂದೆ ಹೋಗುವುದೋ ಅಂತ ಕೂರುತ್ತೇವೆ. ಅಮ್ಮನ ಹೆಸರು ಹಾಕಿದವರು ಕಡಿಮೆ. ದ.ರಾ. ಬೇಂದ್ರೆಯವರು ಹಾಕಿದ್ದರು: ಅಂಬಿಕೆಯ ಮಗ ದತ್ತ, ಅಂಬಿಕಾತನಯದತ್ತ.

ಕವಿಗಳ ಮಾತು ಬಂತು ಅಂದ ಮೇಲೆ ಇನ್ನೂ ಹಿಂದೆ ಹೋಗಲೇಬೇಕು. ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನಗಳ ಅಂಕಿತ ‘ಅಮರೇಶ್ವರಲಿಂಗ’. ಅವನ ಹೆಂಡತಿ ಲಕ್ಕಮ್ಮನೂ ವಚನ ಬರೆದವಳು. ಅವಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಮನೆದೇವರು ಒಬ್ಬನೇ, ಮೊದಲಿಗೆ ಸೇರಿಸಿದ ಒಂದು ಪದದಿಂದ ಯಾರ ವಚನ ಅನ್ನುವುದು ತಿಳಿಯುತ್ತದೆ. ಹರಿದಾಸರದು ಇನ್ನೂ ಅಚ್ಚುಕಟ್ಟು. ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ. ಕೊನೆಯ ಪದ ಎಲ್ಲರಿಗೂ ಸೇರಿದ್ದು, ಮೊದಲ ಪದ ಒಬ್ಬೊಬ್ಬರದು. 1971ರಲ್ಲಿ ರೇ ಟಾಮ್ಲಿನ್‌ಸನ್ ಇಮೇಲ್ ವಿಳಾಸದ ನಡುವೆ @ ಹಾಕಿ ಆ ಕಡೆ ಯಂತ್ರ, ಈ ಕಡೆ ಮನುಷ್ಯ ಅಂತ ಮಾಡಿದರಲ್ಲ, ನನಗೆ ವಿಠಲ ಆ @ನ ಆಚೆಗಿರುವವನ ಹಾಗೆಯೇ ಕಾಣುತ್ತಾನೆ. ದಾಸರಿಗೆ ಅಂಕಿತ ಕೊಡುತ್ತಿದ್ದದ್ದು ಸಾಮಾನ್ಯವಾಗಿ ಗುರು. ಬೇಕಾದದ್ದನ್ನು ತಾವೇ ಆರಿಸಿಕೊಳ್ಳುವ ಆತುರ ಅಲ್ಲಿರಲಿಲ್ಲ.

ಇವೆಲ್ಲ ತೋರಿಸಿಕೊಳ್ಳುವ ಹೆಸರುಗಳು. ಅಡಗಿಕೊಳ್ಳುವ ಹೆಸರಿಗೆ ನಮ್ಮಲ್ಲಿ ಮುದ್ದಣನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿದವರು, ಉಡುಪಿಯಲ್ಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದ ಮೇಷ್ಟ್ರು. ತಾವೇ ಬರೆದ ಕಾವ್ಯಗಳನ್ನು ಹಳೆಯ ಕವಿಯ ಕೃತಿಗಳು ಅನ್ನುವ ಹಾಗೆ ಮೈಸೂರಿಗೆ ಕಳಿಸಿದರು, ಅಲ್ಲಿ ಅವು ಅಚ್ಚಾದವು. 1901ರಲ್ಲಿ ಅವರು ತೀರಿಕೊಂಡರು. ಮುದ್ದಣ ಅಂದರೆ ಇವರೇ ಅನ್ನುವುದು ಲೋಕಕ್ಕೆ ಖಚಿತವಾದದ್ದು ಆಮೇಲೆ. ಡ್ರಿಲ್ ಮೇಷ್ಟ್ರು ಬರೆದದ್ದನ್ನು ಯಾರು ಓದುತ್ತಾರೆ ಅಂತ ಅಂಜಿದರೋ, ಆಟಕ್ಕೆ ಮಾಡಿದರೋ, ಓದಿದವರು ಊಹಿಸಿಕೊಳ್ಳಬೇಕು. ಇವತ್ತು ಆಫೀಸಿನಲ್ಲಿ ಲೆಕ್ಕ ಬರೆದು, ರಾತ್ರಿ ಬೇರೆ ಹೆಸರಿನಲ್ಲಿ ಕವಿತೆ ಹಾಕುವವರನ್ನು ಕಂಡಾಗ ನನಗೆ ಆ ಮೇಷ್ಟ್ರು ನೆನಪಾಗುತ್ತಾರೆ. ಹೆಣ್ಣುಮಕ್ಕಳು ಹೂವಿನದೋ ಹಕ್ಕಿಯದೋ ಹೆಸರಿಟ್ಟುಕೊಂಡರೆ ಅದರ ಹಿಂದಿನ ಕಾರಣ ಇಷ್ಟು ಸೊಗಸಾಗಿರುವುದಿಲ್ಲ. ಇನ್‌ಬಾಕ್ಸಿಗೆ ಬಂದು ಬೀಳುವವರ ಕಾಟಕ್ಕೆ ಅಡಗಿರುತ್ತಾರೆ. ಅವರ ಹೆಸರಿನ ಕಥೆ ಕೇಳಲು ಹೋಗಬೇಡಿ.

ಅಡಗುವವರಿಗೆ ಒಂದು ಮಾತು: ಎಲ್ಲ ಕಡೆ ಒಂದೇ ಯೂಸರ್‌ನೇಮ್ ಇಟ್ಟರೆ ಅಡಗಿದ ಹಾಗಾಗುವುದಿಲ್ಲ. ಅಪರೂಪದ ಹೆಸರಾದಷ್ಟೂ ಒಂದು ಕಡೆಯ ಎಳೆ ಹಿಡಿದು ಇನ್ನೊಂದು ಕಡೆ ಹೋಗುವುದು ಸುಲಭ. ಹುಟ್ಟಿದ ವರ್ಷವನ್ನಂತೂ ಹಾಕಲೇಬೇಡಿ.

ಕನ್ನಡ ಲಿಪಿಯಲ್ಲೇ ಯಾಕೆ ಇಡಬಾರದು ಅಂತ ನಿಮಗೆ ಅನ್ನಿಸಿರಬಹುದು. ವಿಕಿಪೀಡಿಯದಲ್ಲಿ ಇಡಬಹುದು. ಜಿಮೇಲ್, ಇನ್‌ಸ್ಟಾಗ್ರಾಂ ಬಿಡುವುದಿಲ್ಲ. ಅದಕ್ಕೊಂದು ಸಕಾರಣವೂ ಇದೆ. ನಮ್ಮ ಸೊನ್ನೆ ಇಂಗ್ಲಿಷಿನ ‘ಓ’ ಥರವೇ ಇದೆ, ನಮ್ಮ ಎಷ್ಟೋ ಅಕ್ಷರ ತೆಲುಗಿನ ಅಕ್ಷರದ ಜೊತೆ ಅವಳಿಜವಳಿ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಮೋಸ ಮಾಡುವವನಿಗೆ ಅಷ್ಟು ಸಾಕು. ಆದರೆ ನಮ್ಮ ಒಂದು ಅಕ್ಷರ ಹೇಗೋ ಬೇಲಿ ಹಾರಿ ಹೊರಗೆ ಹೋಗಿದೆ. ‘ಠ_ಠ’ ಅನ್ನುವುದನ್ನು ನೀವು ನೋಡಿರುತ್ತೀರಿ, ಹುಬ್ಬು ಗಂಟಿಕ್ಕಿ ದುರುಗುಟ್ಟುವ ಎರಡು ಕಣ್ಣು. ಕನ್ನಡ ಅಂದರೇನು ಅಂತ ಗೊತ್ತಿಲ್ಲದ ವಿದೇಶಿಯರೆಲ್ಲ ಅದನ್ನು ಬಳಸುತ್ತಾರೆ. ನಾವೇ ಅಪರೂಪಕ್ಕೆ ಬರೆಯುವ ಠಕಾರ, ಠಾಣೆಗೂ ಠೇವಣಿಗೂ ಬಿಟ್ಟರೆ ಕೆಲಸವಿಲ್ಲದೆ ಕೂತಿತ್ತು. ಈಗ ಲೋಕಕ್ಕೆಲ್ಲ ಸಿಟ್ಟು ತೋರಿಸುವ ಉದ್ಯೋಗ ಸಿಕ್ಕಿದೆ.

ಕೊನೆಗೆ ನಿಮ್ಮ ವಿಷಯ. ಊರು ಯಾವುದು ಅಂತ ನೀವು ಬರೆದಿಲ್ಲ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ, ಹೆಸರಿನ ಅಕ್ಕಪಕ್ಕ ಒಂದೋ ಎರಡೋ ಇನಿಷಿಯಲ್ ಇರುತ್ತದೆ. ಅದರಲ್ಲೊಂದು ಊರಿನದಾಗಿದ್ದರೆ ಪೂರ್ತಿ ಬಿಡಿಸಿ ಬರೆದು, ಪಕ್ಕಕ್ಕೆ ಬರೀ ‘ಮಂಜ’ ಅಂತ ಸೇರಿಸಿ ನೋಡಿ. ಅದೂ ಖಾಲಿ ಇಲ್ಲ ಅಂದರೆ ನಿಮ್ಮೂರಿನವನೇ ಯಾರೋ ಮೊದಲೇ ತೆಗೆದುಕೊಂಡಿದ್ದಾನೆ ಅಂತ ಅರ್ಥ. ಈ ಸಲ ಊರಿಗೆ ಹೋದಾಗ ಡೈರಿ ಹತ್ತಿರ ವಿಚಾರಿಸಿ.