ಕೆಮ್ಮಣ್ಣು ಕೆಂಪಗಿದ್ದಷ್ಟೂ ಕಬ್ಬಿಣ ಜಾಸ್ತಿಯಾ?

ಮತ್ತೆ ಅದೇ ಪ್ರಶ್ನೆ. ರಂಗೋಲಿ ಅಂಚಿಗೆ ಬಳಿಯುವ ಕೆಮ್ಮಣ್ಣು ಒಂದು ಕಡೆಯದು ಕಡು ಕೆಂಪು, ಇನ್ನೊಂದು ಕಡೆಯದು ಇಟ್ಟಿಗೆ ಬಣ್ಣ, ಕೆಲವು ಗುಡ್ಡದ ಮಣ್ಣಂತೂ ಅರಿಸಿನದ ಹಾಗೆ ಹಳದಿ. ಕೆಂಪಗಿರುವುದರಲ್ಲೇ ಕಬ್ಬಿಣ ಜಾಸ್ತಿ ಅಲ್ವಾ ಸರ್?

ಅಲ್ಲ! ಎಷ್ಟನೇ ಸಲ ಹೇಳುತ್ತಿದ್ದೇನೋ ಲೆಕ್ಕ ಇಟ್ಟಿಲ್ಲ.

ಕೆಂಪಿಗೆ ಕಾರಣ ಹೆಮಟೈಟ್, ಅಂದರೆ ಕಬ್ಬಿಣ, ಆಮ್ಲಜನಕ ಎರಡೂ ಸೇರಿದ ಖನಿಜ. ಹಳದಿಗೆ ಗೊಯೆಥೈಟ್, ಅಂದರೆ ಅದೇ ಕಬ್ಬಿಣ, ಅದೇ ಆಮ್ಲಜನಕ, ಜೊತೆಗೆ ಒಳಗೆ ಸೇರಿಕೊಂಡ ನೀರು. ಮ್ಯಾಂಗನೀಸ್ ಬೆರೆತರೆ ಕಂದು. ಶುದ್ಧ ಹೆಮಟೈಟಿನ ತೂಕದಲ್ಲಿ ಶೇ 70ರಷ್ಟು ಕಬ್ಬಿಣ, ಗೊಯೆಥೈಟಿನಲ್ಲಿ ಶೇ 63ರಷ್ಟು. ಇವೆರಡಕ್ಕಿಂತ ಜಾಸ್ತಿ, ಶೇ 72ರಷ್ಟು, ಇರುವುದು ಮ್ಯಾಗ್ನೆಟೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರಿನಲ್ಲಿ. ಕುದುರೆಮುಖದಲ್ಲಿ ಅಗೆದದ್ದು ಅದನ್ನೇ. ಅದರ ಬಣ್ಣ ಕಪ್ಪು. ಈಗೇನು ಹೇಳುತ್ತೀರಿ?

ಸಂಡೂರಿನ ಹೆಮಟೈಟ್ ಅದಿರಿನ ಗಟ್ಟಿ ತುಂಡು ಸಿಕ್ಕರೆ ನೋಡಿ, ಬೂದು ಬಣ್ಣ, ಉಕ್ಕಿನ ಹೊಳಪು. ಅದನ್ನು ಬಾತ್‌ರೂಮ್ ಟೈಲಿನ ಹಿಂಬದಿಗೆ, ಹೊಳಪಿಲ್ಲದ ಕಡೆ, ಒಮ್ಮೆ ಉಜ್ಜಿದರೆ ಕುಂಕುಮದ ಗೀಟು ಎಳೆದ ಹಾಗೆ ಕೆಂಪು ಬೀಳುತ್ತದೆ. ಕಬ್ಬಿಣ ಇದ್ದಷ್ಟೇ ಇದೆ, ಕಲ್ಲು ಪುಡಿಯಾಯಿತು, ಅಷ್ಟೆ. ಆ ಪುಡಿಯಲ್ಲೂ ಕಾಳು ದಪ್ಪವಿದ್ದರೆ ಬಣ್ಣ ನೇರಳೆ ಕಡೆ ವಾಲುತ್ತದೆ.

ಇನ್ನೂ ನಂಬಿಕೆ ಬರದಿದ್ದರೆ ಹಳದಿ ಮಣ್ಣು ಜರಡಿ ಹಿಡಿದು ಹಳೇ ಕಾವಲಿಯಲ್ಲಿ ಹುರಿಯಿರಿ (ದೋಸೆ ಕಾವಲಿ ಬೇಡ, ಮನೆಯಲ್ಲಿ ಬೈಸಿಕೊಳ್ಳುತ್ತೀರಿ). ಕಾವು 250–300 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಒಳಗಿನ ನೀರು ಹೋಗಿ ಹಳದಿ ಕೆಂಪಾಗುತ್ತದೆ. ನಾನು ದೊಡ್ಡ ಉರಿಯಲ್ಲಿ ಅರ್ಧ ಗಂಟೆ ಮಗುಚಿದ್ದೆ. ನಡುವೆ ಇಟ್ಟಿಗೆ ಕೆಂಪು, ಅಂಚಿನಲ್ಲಿ ಇನ್ನೂ ಹಳದಿ. ಚಿಟಿಕೆ ಕಬ್ಬಿಣವನ್ನೂ ಸೇರಿಸಿರಲಿಲ್ಲ!

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹೊಸಿಲಿನ ಕೆಮ್ಮಣ್ಣು ಒಂದು ಮಳೆಗೆ ಹೋಗುತ್ತದೆ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಪ್ರಾಚೀನ ಬಂಡೆ ಚಿತ್ರಗಳ ಕೆಂಪು ಮಾತ್ರ ಇವತ್ತಿಗೂ ಉಳಿದಿದೆ. ಹೇಗೆ? ನೀರು ತೊಳೆಯುವುದು ಪುಡಿಯನ್ನು. ಬಣ್ಣ ಬಿಸಿಲಿಗೂ ಜಗ್ಗುವುದಿಲ್ಲ, ಯಾಕೆಂದರೆ ಹೆಮಟೈಟಿನ ಕಬ್ಬಿಣ ಆಗಲೇ ಪೂರ್ತಿ ತುಕ್ಕಾಗಿ ಕೂತಿದೆ, ಇನ್ನು ಕೆಡುವುದಕ್ಕೆ ಏನೂ ಬಾಕಿಯಿಲ್ಲ. ಪುಡಿಗೆ ಹಿಡಿತ ಬೇಕು, ಅಷ್ಟೆ. ಕರಾವಳಿಯ ಕಾವಿ ಕಲೆಯಲ್ಲಿ ಸುಣ್ಣದ ಗಾರೆ ಹಸಿಯಿರುವಾಗಲೇ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಬೇಡದ ಕಡೆ ಕೆರೆದು ಕೆಳಗಿನ ಬಿಳಿ ತೆಗೆಯುತ್ತಾರೆ. ಗಾರೆ ಒಣಗುತ್ತಾ ಗಟ್ಟಿಯಾಗಿ ಪುಡಿಯನ್ನು ಕಚ್ಚಿಕೊಳ್ಳುತ್ತದೆ. ನಿಮ್ಮ ಹೊಸಿಲಿಗೆ ಬಿದ್ದದ್ದು ಬರೀ ನೀರಿನಲ್ಲಿ ಕದಡಿದ ಮಣ್ಣು. ಮಂಗಳವಾರ ಬಳಿದದ್ದನ್ನು ಶುಕ್ರವಾರ ಮತ್ತೆ ಬಳಿಯುತ್ತಾ ಇರುವುದು ಅದಕ್ಕೇ.