ಏಣಿ ಹತ್ತಿದವನು ಕೆಳಗೆ ನೋಡಿದಾಗ

"ಸುರಕ್ಷತೆಯೇ ನಮ್ಮ ಮೊದಲ ಆದ್ಯತೆ." ಮೀಟಿಂಗಿನಲ್ಲಿ ಮುಖ್ಯಸ್ಥರು ಹೀಗೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಊಟದ ಹೊತ್ತಿಗೆ ಮರೆತಿರುತ್ತಾರೆ.

ಅದನ್ನೇ ಬೇರೆ ಥರ ಹೇಳಿ ನೋಡೋಣ. "ರಾತ್ರಿ ಪಾಳಿ. ಒಬ್ಬ ಬಲ್ಬು ಬದಲಿಸಲು ಏಣಿ ಹತ್ತಿದ್ದ. ಯಾಕೋ ಕೆಳಗೆ ನೋಡಿದ. ಏಣಿ ಹಿಡಿದುಕೊಂಡಿರಬೇಕಾದವನು ನಾಲ್ಕು ಹೆಜ್ಜೆ ಆಚೆ ನಿಂತು ಫೋನ್ ನೋಡುತ್ತಿದ್ದ."

ಅಷ್ಟೇ. ಏಣಿ ಎಷ್ಟು ಎತ್ತರ ಅಂತ ನಾನು ಹೇಳಲೇ ಇಲ್ಲ. ಆದರೂ ನಿಮ್ಮ ಮನಸ್ಸಿನಲ್ಲಿ ಅದಕ್ಕೊಂದು ಎತ್ತರ ಬಂದುಬಿಟ್ಟಿದೆ, ಅಲ್ವಾ? ಅವನು ಬಿದ್ದನೋ ಇಲ್ಲವೋ ಅನ್ನುವುದನ್ನೂ ನೀವೇ ಊಹಿಸುತ್ತಿದ್ದೀರಿ. ಕಥೆಯಲ್ಲಿ ಅರ್ಧ ಕೆಲಸ ಕೇಳುವವರದ್ದು. ತಾನೇ ಕೈಯಾರೆ ಕಟ್ಟಿದ್ದನ್ನು ಯಾರೂ ಸುಲಭಕ್ಕೆ ಕೆಡವುವುದಿಲ್ಲ.

2010ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಉರಿ ಹ್ಯಾಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದಕ್ಕೆ ತುಂಬ ಹತ್ತಿರದ್ದು. ಒಬ್ಬ ಮಹಿಳೆ ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿ, ತನ್ನ ಬದುಕಿನಲ್ಲಿ ನಡೆದದ್ದನ್ನು ಹೇಳಿದಳು. ಅದರ ರೆಕಾರ್ಡಿಂಗನ್ನು ಬೇರೆಯವರು ಸ್ಕ್ಯಾನರ್ ಒಳಗೇ ಮಲಗಿ ಕೇಳಿದರು. ಅವರ ಮಿದುಳಿನ ಏರಿಳಿತ ಅವಳದ್ದನ್ನೇ ಹೋಲುತ್ತಿತ್ತು, ಸ್ವಲ್ಪ ತಡವಾಗಿ. ಇದರಲ್ಲೇನೂ ಆಶ್ಚರ್ಯವಿಲ್ಲ. ಆದರೆ ಕೆಲವು ಭಾಗಗಳು ಅವಳಿಗಿಂತ ಮುಂಚೆಯೇ ಚುರುಕಾಗುತ್ತಿದ್ದವು! ಮಾತು ಬರುವ ಮೊದಲೇ ಕೇಳುಗರ ಮಿದುಳು ಅಲ್ಲಿಗೆ ಹೋಗಿ ಕಾಯುತ್ತಿತ್ತು. ಹೀಗೆ ಜಾಸ್ತಿ ಮುಂದೋಡಿದವರಿಗೆ ಕಥೆಯೂ ಚೆನ್ನಾಗಿ ಅರ್ಥವಾಗಿತ್ತು. ರಷ್ಯನ್ ಬಾರದವರಿಗೆ ರಷ್ಯನ್ ಕಥೆ ಕೇಳಿಸಿದಾಗ ಈ ಜೊತೆಯೋಟ ಕಾಣಲಿಲ್ಲ. ಸುಮ್ನೆ ದೊಡ್ಡ ದೊಡ್ಡ ಆಫೀಸ್ ಪದ ಪೋಣಿಸುವವರ ಮುಂದೆ ಕೂತಾಗ ನನಗೆ ಈ ರಷ್ಯನ್ ಕಥೆ ನೆನಪಾಗುತ್ತದೆ.

ಕಥೆ ಹೇಳುವವರ ಹಿಂದೆ ಜನ ಹೋಗುತ್ತಾರೆಯೇ? ಫಿಲಿಪ್ಪೀನ್ಸ್‌ನಲ್ಲಿ ಬೇಟೆಯಾಡಿ, ಮೀನು ಹಿಡಿದು ಬದುಕುವ ಅಗ್ಟಾ ಜನರ ಬಗ್ಗೆ 2017ರಲ್ಲಿ ಒಂದು ಅಧ್ಯಯನ ಬಂತು. ಅವರಲ್ಲಿ ಮೇಲು ಕೀಳು ಕಡಿಮೆ. ಒಳ್ಳೆಯ ಕಥೆಗಾರರು ಹೆಚ್ಚಿದ್ದ ಬಿಡಾರಗಳಲ್ಲಿ, ಅಕ್ಕಿ ಹಂಚಿಕೊಳ್ಳುವ ಆಟ ಆಡಿಸಿದಾಗ ಜನ ಹೆಚ್ಚು ಧಾರಾಳವಾಗಿದ್ದರು. ಯಾರ ಜೊತೆ ಇರಲು ಇಷ್ಟ ಅಂತ ಕೇಳಿದಾಗಲೂ ಕಥೆಗಾರರ ಹೆಸರೇ ಮುಂದೆ. ಅವರದೊಂದು ಕಥೆಯಲ್ಲಿ ಆಕಾಶ ಬೆಳಗುವವರು ಯಾರು ಅಂತ ಸೂರ್ಯನಿಗೂ ಚಂದ್ರನಿಗೂ ಜಗಳ. ಕೊನೆಗೆ ಹಗಲು ಒಬ್ಬರಿಗೆ, ರಾತ್ರಿ ಇನ್ನೊಬ್ಬರಿಗೆ. ಇಲ್ಲಿ "ಹಂಚಿಕೊಳ್ಳಿ" ಅಂತ ಯಾರೂ ಅಪ್ಪಣೆ ಮಾಡುತ್ತಿಲ್ಲ, ನೋಡಿ.

ಹಾಗಾದರೆ ಕಥೆಯ ಜೊತೆ ಅಂಕಿ ಅಂಶವನ್ನೂ ಸೇರಿಸಿದರೆ ಇನ್ನೂ ಬಲ ಬರಬೇಕಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. 2007ರಲ್ಲಿ ಪ್ರಕಟವಾದ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್ ಮತ್ತು ಪಾಲ್ ಸ್ಲೋವಿಕ್ ಅವರ ಪ್ರಯೋಗ ಬೇರೆಯೇ ಹೇಳುತ್ತದೆ. ಜನರ ಕೈಗೆ 5 ಡಾಲರ್ ಕೊಟ್ಟು, ಇದರಲ್ಲಿ ಎಷ್ಟು ದಾನ ಮಾಡುತ್ತೀರಿ ಅಂತ ಕೇಳಿದರು. ಆಫ್ರಿಕಾದಲ್ಲಿ ಹಸಿದ ಲಕ್ಷಾಂತರ ಜನರ ಲೆಕ್ಕ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ 7 ವರ್ಷದ ರೋಕಿಯಾ ಎಂಬ ಒಬ್ಬ ಹುಡುಗಿಯ ಬಗ್ಗೆ ಓದಿದವರು 2.38 ಡಾಲರ್ ಕೊಟ್ಟರು. ಎರಡನ್ನೂ ಓದಿದವರು? 1.43. ಲೆಕ್ಕ ಬಂದದ್ದೇ ತಡ, ರೋಕಿಯಾ ಹಿಂದೆ ಸರಿದಳು.

ಇದನ್ನು ಕೇಳಿ ಭಾಷಣ ಬರೆಯುವವರು ಅಂಕಿಗಳಿಗೆಲ್ಲ ಗೀಟು ಹಾಕಿಬಿಡುತ್ತಾರೆ. ನನಗೆ ಭಯ ಹುಟ್ಟುವುದು ಇಲ್ಲಿ. ಮುಂದಕ್ಕೋಡುವ ಮಿದುಳು ಕಥೆ ನಿಜವೋ, ಅಂಥದ್ದು ಎಷ್ಟು ಸಲ ಆಗುತ್ತದೋ ಅಂತ ನಿಂತು ಕೇಳುವುದಿಲ್ಲ. ನಮ್ಮ ಏಣಿಯನ್ನೇ ತಗೊಳ್ಳಿ. ಆ ಕಥೆ ಕೇಳಿ ಎಲ್ಲರೂ ಏಣಿ ಗಟ್ಟಿಯಾಗಿ ಹಿಡಿಯುತ್ತಾರೆ, ಒಳ್ಳೆಯದೇ. ಆದರೆ ಆ ವರ್ಷ ಪೆಟ್ಟಾದವರಲ್ಲಿ ಹೆಚ್ಚಿನವರು ಒದ್ದೆ ನೆಲದಲ್ಲಿ ಜಾರಿದವರೇ ಆಗಿದ್ದರೆ? ಅವರ ಲೆಕ್ಕ ಯಾವುದೋ ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ. ಅವರ ಬಗ್ಗೆ ಯಾರೂ ಕಥೆ ಹೇಳಿರುವುದಿಲ್ಲ, ಅಷ್ಟೇ.